ನಾಲ್ವರ ಹಾಡು, ಒಬ್ಬನ ಮಾರ್ಕು

ಇಂಗ್ಲೆಂಡಿನಲ್ಲಿ ಹತ್ತು ಹದಿನೈದು ವರ್ಷದ ಕೆಳಗೆ ಇಂಥದೊಂದು ನೋಟ ಎಲ್ಲಿ ಬೇಕಾದರೂ ಸಿಗೋದು. ಶನಿವಾರ ಬೆಳಗಾಯಿತೆಂದರೆ ಹದಿನೇಳು ಹದಿನೆಂಟರ ಹುಡುಗರು ನಾಲ್ಕು ಜನ ಗಿಟಾರು, ಡ್ರಮ್ಮು ಹೊತ್ತುಕೊಂಡು ಊರಾಚೆಯ ತೋಪಿಗೋ ಪಾಳು ಗೋದಾಮಿಗೋ ಹೊರಡೋರು. ಎಲೆಕ್ಟ್ರಿಕ್ ಗಿಟಾರು; ವೈರಿಲ್ಲ, ಕರೆಂಟಿಲ್ಲ. ಆದರೂ ಮರದ ಕೆಳಗೆ ನಿಂತು ತಲೆ ಕೊಡವಿಕೊಂಡು ಬಾರಿಸಿದ್ದೇ ಬಾರಿಸಿದ್ದು. ನೆಲದ ಮೇಲಿಟ್ಟ ಸಣ್ಣ ಸ್ಪೀಕರಿನಲ್ಲಿ ಯಾವುದೋ ಬ್ಯಾಂಡಿನ ಹಾಡು, ಅದಕ್ಕೆ ಒಬ್ಬ ಬಾಯಿ ಆಡಿಸೋನು, ಇನ್ನೊಬ್ಬಳು ಕ್ಯಾಮರಾ ಹಿಡಿಯೋಳು. ಮಳೆಯ ದೇಶ. ಕ್ಯಾಮರಾ ನೆನೆಯದಿರಲಿ ಅಂತ ಕೊಡೆ ಹಿಡಿದು ನಿಲ್ಲೋಕೆ ಯಾರಾದರೊಬ್ಬರ ತಾಯಿ.

ದಾರಿಹೋಕರು ನಕ್ಕು ಮುಂದೆ ಹೋಗೋರು. ಆದರೆ ಅದು ಆಟವಲ್ಲ, ಪರೀಕ್ಷೆ.

ಎ ಲೆವೆಲ್ ಅಂದರೆ ಹೆಚ್ಚು ಕಡಿಮೆ ಇಲ್ಲಿಯ ಪಿಯುಸಿ ಇದ್ದ ಹಾಗೆ, ಹದಿನಾರರ ನಂತರದ ಎರಡು ವರ್ಷ. ಅದರಲ್ಲಿ ಮೀಡಿಯಾ ಸ್ಟಡೀಸ್ ಅಂತ ಒಂದು ವಿಷಯ. ಓಸಿಆರ್ ಎಂಬ ಪರೀಕ್ಷಾ ಮಂಡಳಿ 2008ರಲ್ಲಿ ಜಾರಿಗೆ ತಂದ ಪಠ್ಯಕ್ರಮದಲ್ಲಿ ಎರಡನೆಯ ವರ್ಷದವರು ಆರಿಸಿಕೊಳ್ಳಬಹುದಾಗಿದ್ದ ಕೆಲಸಗಳಲ್ಲಿ ಒಂದು ಇದು: ಹೊಸ ಆಲ್ಬಮ್ಮಿನ ಪ್ರಚಾರಕ್ಕೆ ಒಂದು ಹಾಡಿನ ವಿಡಿಯೋ, ಅದರ ಜೊತೆಗೆ ಸಿಡಿಯ ಹೊದಿಕೆ, ಪತ್ರಿಕೆಯ ಜಾಹೀರಾತು, ವೆಬ್‌ಸೈಟಿನ ಮುಖಪುಟ ಈ ಮೂರರಲ್ಲಿ ಎರಡು. ಒಟ್ಟು 100 ಅಂಕ. ಯೋಜನೆಗೆ 20, ವಿಡಿಯೋಗೆ 40, ಜೊತೆಯ ಎರಡು ಕೆಲಸಕ್ಕೆ ಹತ್ತು ಹತ್ತು, ಮಾಡಿದ್ದನ್ನು ತಾವೇ ಒರೆಗೆ ಹಚ್ಚಿ ನೋಡೋದಕ್ಕೆ 20.

ಇಂಗ್ಲೆಂಡಿನ ಮಕ್ಕಳ ಉಸಾಬರಿ ಈ ಜಿಲ್ಲೆಗ್ಯಾಕೆ ಅಂತ ಓದುಗರು ಕೇಳಬಹುದು. ಇಲ್ಲಿಯ ಯಾವುದಾದರೂ ಕೆರೆ ಏರಿಗೆ, ಕೋಟೆ ಬಾಗಿಲಿಗೆ ಭಾನುವಾರ ಹೋಗಿ ನೋಡಲಿ. ಆಲ್ಬಂ ಸಾಂಗ್ ಅಂತ ಮೊಬೈಲು ಹಿಡಿದು ನಿಂತ ಕಾಲೇಜು ಹುಡುಗರು ಸಿಕ್ಕೇ ಸಿಗ್ತಾರೆ. ಪೋಸ್ಟರಿನಲ್ಲಿ ಹೀರೋ ಆದವನ ಮುಖ ಆನೆ ಗಾತ್ರ, ಕೆಳಗೆ ಇರುವೆ ಗಾತ್ರದಲ್ಲಿ ಇಪ್ಪತ್ತು ಜನರ ಹೆಸರು. ಮನೆಯಲ್ಲಿ ಬೈಗುಳ, ಕಾಲೇಜಿನಲ್ಲಿ ಹಾಜರಿ ಖೋತಾ. ಇದೇ ಕೆಲಸಕ್ಕೆ ಅಲ್ಲಿ ಅಂಕ ಕೊಟ್ಟರು. ಹತ್ತು ವರ್ಷ ಕಳೆಯುವುದರೊಳಗೆ ಆ ಅಂಕಕ್ಕೆ ಕತ್ತರಿ ಹಾಕಿದರು. ಕತ್ತರಿ ಹಾಕಿದ್ದು ಸರಿಯೋ ತಪ್ಪೋ ಅನ್ನೋದು ಇಲ್ಲಿಯವರಿಗೂ ಸಂಬಂಧಪಟ್ಟ ಪ್ರಶ್ನೆ.

ಈ ಹುಡುಗರಲ್ಲಿ ಎಷ್ಟೋ ಜನ ಇಂಡಿ ರಾಕ್ ಹಾಡನ್ನೇ ಹುಡುಕಿಕೊಂಡು ಹೋಗೋದಕ್ಕೆ ಕಾರಣ ಸರಳ. ಇಂಡಿ ಅಂದರೆ ಇಂಡಿಪೆಂಡೆಂಟ್, ದೊಡ್ಡ ರೆಕಾರ್ಡ್ ಕಂಪನಿಗಳ ಹಂಗಿಲ್ಲದ್ದು. ಪಾಪ್ ಹಾಡಿಗಾದರೆ ನರ್ತಕಿಯರ ಸಾಲು ಬೇಕು, ಕಾರು ಬೇಕು, ಬಂಗಲೆ ಬೇಕು. ಇಂಡಿ ಬ್ಯಾಂಡಿಗೆ ನಾಲ್ಕು ಜನ, ನಾಲ್ಕು ಹಳೆ ಅಂಗಿ, ಒಂದು ಖಾಲಿ ಜಾಗ ಇದ್ದರೆ ನಡೀತದೆ. ಬಡತನವೇ ಅಲ್ಲಿ ವೇಷಭೂಷಣ.

ಅಷ್ಟೇ ಅಲ್ಲ, ಆ ಸಂಗೀತ ಹುಟ್ಟಿದ್ದೇ ವಿದ್ಯಾರ್ಥಿಗಳ ಕೈಯಲ್ಲಿ ಅಂದರೂ ತಪ್ಪಾಗದು. ಬೋಲ್ಟನ್ನಿನ ತಾಂತ್ರಿಕ ಕಾಲೇಜಿನಲ್ಲಿ ಜೊತೆಯಾದ ಪೀಟ್ ಶೆಲ್ಲಿ, ಹೋವರ್ಡ್ ಡೆವೋಟೊ ಕಟ್ಟಿದ ತಂಡ ಬಝ್‌ಕಾಕ್ಸ್. 1977ರ ಜನವರಿಯಲ್ಲಿ 500 ಪೌಂಡ್ ಸಾಲಸೋಲ ಮಾಡಿ ತಮ್ಮ ಮೊದಲ ರೆಕಾರ್ಡನ್ನು ತಾವೇ ಹೊರಗೆ ತಂದರು. ಮೊದಲು ಅಚ್ಚು ಹಾಕಿಸಿದ್ದು ಸಾವಿರ ಪ್ರತಿ. ಹೊದಿಕೆಯ ಫೋಟೋಗೆ ಸ್ಟುಡಿಯೋ ಕೂಡ ಇಲ್ಲ. ಮ್ಯಾಂಚೆಸ್ಟರಿನ ಒಂದು ಪ್ರತಿಮೆಯ ಬುಡದಲ್ಲಿ ನಿಲ್ಲಿಸಿ ಅವರ ಮ್ಯಾನೇಜರು ಪೋಲರಾಯ್ಡ್ ಕ್ಯಾಮರಾದಲ್ಲಿ ತೆಗೆದದ್ದು. ಅದೇ ವರ್ಷ ದೊಡ್ಡ ಕಂಪನಿಯಿಂದ ಅವರ ಮುಂದಿನ ರೆಕಾರ್ಡು ಬಂದಾಗ ಹೊದಿಕೆ ಮಾಡಿದವನು ಯಾರು? ಮಾಲ್ಕಂ ಗ್ಯಾರೆಟ್, ಮ್ಯಾಂಚೆಸ್ಟರ್ ಪಾಲಿಟೆಕ್ನಿಕ್ಕಿನಲ್ಲಿ ಇನ್ನೂ ಓದುತ್ತಿದ್ದ ಹುಡುಗ. ಅದರ ಮೇಲಿನ ಚಿತ್ರ, ಹೆಂಗಸಿನ ತಲೆಯ ಜಾಗದಲ್ಲಿ ಇಸ್ತ್ರಿಪೆಟ್ಟಿಗೆ ಕೂರಿಸಿದ್ದು, ಅದೇ ಪಾಲಿಟೆಕ್ನಿಕ್ಕಿನ ಲಿಂಡರ್ ಸ್ಟರ್ಲಿಂಗ್ ಕತ್ತರಿ, ಗೋಂದು ಹಿಡಿದು ಮಾಡಿದ್ದು. ಅಲ್ಲೇ ಓದು ಮುಗಿಸಿದ ಪೀಟರ್ ಸ್ಯಾವಿಲ್ 1978ರಲ್ಲಿ ಫ್ಯಾಕ್ಟರಿ ಅನ್ನೋ ಸಂಸ್ಥೆಗೆ ಮೊದಲ ಪೋಸ್ಟರು ಮಾಡಿದ. ಪೋಸ್ಟರು ಕಾರ್ಯಕ್ರಮಕ್ಕೆ ಸರಿಯಾಗಿ ಬರಲೇ ಇಲ್ಲ, ತಡವಾಯಿತು! ಆದರೆ ಮರುವರ್ಷ ಜಾಯ್ ಡಿವಿಜನ್ ತಂಡಕ್ಕೆ ಅವನು ಮಾಡಿದ ಹೊದಿಕೆ, ಖಗೋಳಶಾಸ್ತ್ರದ ಪುಸ್ತಕದಿಂದ ಎತ್ತಿದ ಪಲ್ಸಾರ್ ಒಂದರ ಮಿಡಿತದ ಬಿಳಿ ಗೆರೆಗಳು, ಇವತ್ತಿಗೂ ಟೀ ಶರಟುಗಳ ಮೇಲೆ ಲೋಕ ಸುತ್ತುತ್ತಿವೆ.

ಅಂದರೆ ಶಾಲಾ ಹುಡುಗರಿಗೆ ಕೊಟ್ಟ ಕೆಲಸ ತಲೆಬುಡವಿಲ್ಲದ್ದಲ್ಲ.

ಕೆಲಸ ನಡೆಯೋ ರೀತಿ ನೋಡಿದರೆ ಅದು ಇನ್ನೂ ಗೊತ್ತಾಗ್ತದೆ. ಮೊದಲ ಮೆಟ್ಟಿಲು ಒಂದು ಪತ್ರ. ಹಾಡು ಯಾರದ್ದೋ, ಅವರ ಅಪ್ಪಣೆ ಕೇಳಬೇಕು ಅನ್ನೋದು ನಿಯಮ. ಹೆಸರಾಂತ ತಂಡದ ಕಂಪನಿಗೆ ಬರೆದರೆ ಉತ್ತರ ಬರೋದು ಕಷ್ಟ. ಸಣ್ಣ ಊರಿನ ಸಣ್ಣ ತಂಡಕ್ಕೆ ಬರೆದರೆ ಸಂತೋಷವಾಗಿ ಒಪ್ಪಿಕೊಳ್ಳೋರು ಇರ್ತಾರೆ, ಅವರಿಗೂ ಪುಕ್ಕಟೆ ಪ್ರಚಾರ ತಾನೆ. ಇಲ್ಲಿಯ ಆಲ್ಬಂ ಸಾಂಗ್ ವೀರರಲ್ಲಿ ಎಷ್ಟು ಜನ ಇಂಥ ಪತ್ರ ಬರೆದಿದ್ದಾರೆ? ಹೋಗಲಿ, ಬರೀಬೇಕು ಅಂತ ಹೇಳಿಕೊಟ್ಟ ಮೇಷ್ಟ್ರು ಯಾರು?

ಆಮೇಲೆ ಓದು. ಆಂಡ್ರ್ಯೂ ಗುಡ್‌ವಿನ್ ಅನ್ನೋ ವಿದ್ವಾಂಸ 1992ರಲ್ಲಿ ಮ್ಯೂಸಿಕ್ ವಿಡಿಯೋ ಕುರಿತು ಬರೆದ ಪುಸ್ತಕದಿಂದ ಹೆಕ್ಕಿದ ಸೂತ್ರಗಳು ಆ ಮಕ್ಕಳ ಬಾಯಲ್ಲಿ ಮಗ್ಗಿಯ ಹಾಗೆ ಓಡೋವು. ಸಾಹಿತ್ಯ ಹೇಳಿದ್ದನ್ನೇ ಚಿತ್ರ ತೋರಿಸಬಹುದು, ಅದಕ್ಕೊಂದು ಕೈ ಹೆಚ್ಚಿಗೆ ಹೇಳಬಹುದು, ಇಲ್ಲವೇ ಅದಕ್ಕೆ ವಿರುದ್ಧವಾಗಿ ನಿಲ್ಲಬಹುದು. ಗಾಯಕನ ಮುಖ ಆಗಾಗ ಹತ್ತಿರದಿಂದ ಬರಲೇಬೇಕು, ಯಾಕಂದರೆ ರೊಕ್ಕ ಹಾಕಿದ ಕಂಪನಿಗೆ ಮಾರಬೇಕಾದ್ದು ಆ ಮುಖ. ಕನ್ನಡ ಸಿನಿಮಾ ಹಾಡಿಗೂ ಈ ಮಾತು ಅನ್ವಯಿಸಿ ನೋಡಿ, ಎಷ್ಟು ಹಾಡುಗಳ ಹುಳುಕು ಹೊರಬೀಳ್ತದೋ!

ಚಿತ್ರೀಕರಣದ ದಿನದ ಪಾಡು ಕೇಳಬೇಡಿ. ಇಡೀ ಹಾಡನ್ನು ಮೊದಲಿಂದ ಕೊನೆತನಕ ಒಂದು ಕೋನದಿಂದ ತೆಗೀಬೇಕು. ಮತ್ತೆ ಇನ್ನೊಂದು ಕೋನದಿಂದ. ಮತ್ತೆ ಡ್ರಮ್ಮಿನವನ ಕೈ ಮಾತ್ರ. ಮೂರು ನಿಮಿಷದ ಹಾಡಿಗೆ ಒಂದು ಹಗಲು ಸಾಲದು. ಅಲ್ಲಿ ಸೆಕೆಂಡಿಗೆ 25 ಚೌಕಟ್ಟು ಲೆಕ್ಕ, ಅಂದರೆ ಮೂರು ನಿಮಿಷಕ್ಕೆ 4,500. ಬಾಯಿ ಆಡಿಸಿದ್ದು ಎರಡು ಮೂರು ಚೌಕಟ್ಟು ಹಿಂದು ಮುಂದಾದರೂ ನೋಡುವವನಿಗೆ ಏನೋ ಎಡವಟ್ಟಾಗಿದೆ ಅಂತ ತಿಳಿದುಬಿಡ್ತದೆ. ಗಾಯಕ ನಿಧಾನಗತಿಯಲ್ಲಿ ನಡೆದು ಬರಬೇಕು, ಆದರೆ ತುಟಿ ಮಾತ್ರ ಹಾಡಿನ ಜೊತೆಗೇ ಹೋಗಬೇಕು ಅಂದರೆ ಒಂದು ಉಪಾಯವಿದೆ. ಸ್ಪೀಕರಿನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ, ಅವನೂ ಕೀರಲು ದನಿಯ ಆ ಹಾಡಿಗೆ ಅಷ್ಟೇ ವೇಗದಲ್ಲಿ ಬಾಯಿ ಬಡಿದುಕೊಂಡು, ಸೆಕೆಂಡಿಗೆ 50 ಚೌಕಟ್ಟಿನಂತೆ ತೆಗೆದು 25ರಂತೆ ಓಡಿಸೋದು. ನಡಿಗೆ ನಿಧಾನ, ತುಟಿ ಸರಿ. ಗಣಿತ ಅಂದರೆ ಮಾರು ದೂರ ಓಡೋ ಹುಡುಗನೂ ಈ ಲೆಕ್ಕ ಒಂದೇ ಸಲಕ್ಕೆ ಕಲೀತಾನೆ.

ಹೊದಿಕೆ ಕೆಲಸ ಹಗುರ ಅಂದುಕೊಂಡವರು ಕೈಸುಟ್ಟುಕೊಂಡಿದ್ದೇ ಹೆಚ್ಚು. ಡಿಜಿಪ್ಯಾಕ್ ಅಂದರೆ ರಟ್ಟಿನ ಮಡಿಕೆ, ಒಳಗೆ 12 ಸೆಂಟಿಮೀಟರಿನ ಸಿಡಿ ಕೂರೋ ತಟ್ಟೆ. ಮುಂಭಾಗದಲ್ಲಿ ಚಿತ್ರ, ಹಿಂದೆ ಹಾಡುಗಳ ಪಟ್ಟಿ, ಬಾರ್‌ಕೋಡು, ಹಕ್ಕುಸ್ವಾಮ್ಯದ ಸಾಲು. ಬೆನ್ನಿನ ಮೇಲೆ ಹೆಸರು. ಮಡಿಚಿದಾಗ ಬೆನ್ನಿನ ಹೆಸರು ತಲೆಕೆಳಗಾದರೆ ಇಡೀ ಶ್ರಮ ನೀರುಪಾಲು. ಜಾಹೀರಾತಿಗೆ ಬಿಡುಗಡೆಯ ದಿನ ಬೇಕು. ಎಲ್ಲಕ್ಕಿಂತ ಕಷ್ಟದ ಪ್ರಶ್ನೆಯನ್ನು ಪರೀಕ್ಷೆಯವರು ಕೊನೆಗೆ ಕೇಳೋರು: ವಿಡಿಯೋ, ಹೊದಿಕೆ, ಜಾಹೀರಾತು ಈ ಮೂರೂ ಒಂದೇ ತಂಡದ್ದು ಅಂತ ನೋಡಿದ ಕೂಡಲೇ ಗೊತ್ತಾಗ್ತದೋ ಇಲ್ಲವೋ? ಬಣ್ಣ, ಅಕ್ಷರ, ಮುಖಭಾವ ಒಂದಕ್ಕೊಂದು ಸೇರ್ತದೋ? ವಿಡಿಯೋ ತೆಗೆದವಳು ಒಬ್ಬಳು, ಹೊದಿಕೆ ಮಾಡಿದವನು ಇನ್ನೊಬ್ಬ ಆಗಿದ್ದರೆ ಇಬ್ಬರೂ ಕೂತು ಜಗಳವಾಡದೆ ಇದು ಸಾಧ್ಯವಿಲ್ಲ. ಆ ಜಗಳವೇ ಪಾಠ.

ಇಲ್ಲಿಗೇ ಬಂತು ಕತ್ತರಿ.

ಮೀಡಿಯಾ ಸ್ಟಡೀಸ್ ಮೇಲೆ ಅಲ್ಲಿಯ ದೊಡ್ಡವರಿಗೆ ಮೊದಲಿನಿಂದಲೂ ತಾತ್ಸಾರ. 2003ರಲ್ಲಿ ಉನ್ನತ ಶಿಕ್ಷಣ ಮಂತ್ರಿಯಾಗಿದ್ದ ಮಾರ್ಗರೆಟ್ ಹಾಜ್ ವಿಶ್ವವಿದ್ಯಾಲಯಗಳ ಕೆಲವು ಕೋರ್ಸುಗಳನ್ನು ಮಿಕಿ ಮೌಸ್ ಕೋರ್ಸು ಅಂದರು. ಆಕೆ ಯಾವುದನ್ನು ಕುರಿತು ಅಂದರೋ, ಜನ ಮಾತ್ರ ಆ ಹೆಸರನ್ನು ಮೀಡಿಯಾ ಸ್ಟಡೀಸ್ ಹಣೆಗೇ ಅಂಟಿಸಿದರು. 2017ರಲ್ಲಿ ಶುರುವಾದ ಹೊಸ ಪಠ್ಯಕ್ರಮದಲ್ಲಿ ಲಿಖಿತ ಪರೀಕ್ಷೆಗೆ ನೂರಕ್ಕೆ 70, ಕೈಯಾರೆ ಮಾಡುವ ಕೆಲಸಕ್ಕೆ ಬರೀ 30. ಓಸಿಆರ್‌ನ ಹಳೆಯ ಕ್ರಮದಲ್ಲಿ ಇದು 50 ಇತ್ತು. ಅಂಕ ಇಳಿದದ್ದು ಒಂದು ಕಡೆ ಇರಲಿ. ಇನ್ನೊಂದು ಷರತ್ತು ಹಾಕಿದರು: ಗುಂಪು ಕೆಲಸ ಕೂಡದು. ಪ್ರತಿಯೊಬ್ಬನದ್ದೂ ಅವನದ್ದೇ ವಿಡಿಯೋ. ಸ್ನೇಹಿತರು ಬಂದು ನಟಿಸಬಹುದು, ಹೇಳಿದ ಹಾಗೆ ದೀಪ ಹಿಡೀಬಹುದು. ಅವರ ಹೆಸರು ಕಾಗದದಲ್ಲಿ ನಮೂದಾಗಬೇಕು, ಅಂಕ ಮಾತ್ರ ಇಲ್ಲ.

ಯಾಕೆ ಹೀಗೆ ಮಾಡಿದರು ಅಂದರೆ, ಅದಕ್ಕೂ ಕಾರಣವಿದೆ. ನಾಲ್ವರ ಗುಂಪಿನಲ್ಲಿ ದುಡಿಯೋರು ಇಬ್ಬರು, ಹಾಜರಿ ಹಾಕಿಸಿಕೊಳ್ಳೋನು ಒಬ್ಬ, ಪತ್ತೆಯೇ ಇಲ್ಲದವನು ಮತ್ತೊಬ್ಬ. ಕೊನೆಗೆ ಎಲ್ಲರಿಗೂ ಒಂದೇ ಅಂಕ ಬಂದರೆ ರಾತ್ರಿಯೆಲ್ಲ ಎಡಿಟಿಂಗಿಗೆ ಕೂತವಳ ಹೊಟ್ಟೆ ಉರಿಯದೆ ಇರ್ತದಾ? ಇಲ್ಲಿಯ ಡಿಗ್ರಿ ಪ್ರಾಜೆಕ್ಟ್ ವರದಿಗಳ ರಾಮಾಯಣ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಲ್ಕು ಹೆಸರು, ಒಂದು ತಲೆ, ಮತ್ತು ಅನೇಕ ಸಲ ಆ ತಲೆಯೂ ಜೆರಾಕ್ಸ್ ಅಂಗಡಿಯವನದ್ದು.

ಆದರೂ ಮದ್ದು ತಪ್ಪಿದೆ. ಬ್ಯಾಂಡು ಅಂದರೇ ನಾಲ್ಕು ಜನ. ಡ್ರಮ್ಮಿನವನು ತಾಳ ತಪ್ಪಿದರೆ ಗಿಟಾರಿನವನು ಹಿಡಿದುಕೊಳ್ಳಬೇಕು. ವಿಡಿಯೋ ತೆಗೆಯೋದೂ ಹಾಗೇ. ಒಬ್ಬನೇ ನಿರ್ದೇಶಕ, ಛಾಯಾಗ್ರಾಹಕ, ಸಂಕಲನಕಾರ, ಕಲಾವಿದ ಆಗಬೇಕಾದರೆ ಅವನು ಕಲಿಯೋದು ಒಂದೇ, ಬೇರೆಯವರನ್ನು ಕೈಯಾಳು ಮಾಡಿಕೊಳ್ಳೋದು. ಮೊದಲು ನಾಲ್ವರಲ್ಲಿ ಒಬ್ಬರ ಮನೆಯಲ್ಲಾದರೂ ಕ್ಯಾಮರಾ ಇದ್ದರೆ ಸಾಕಿತ್ತು, ಉಳಿದ ಮೂವರು ಅದರಲ್ಲೇ ಕೈ ಪಳಗಿಸಿಕೊಳ್ಳೋರು. ಈಗ ಮನೆಯಲ್ಲಿ ಒಳ್ಳೇ ಕಂಪ್ಯೂಟರು ಇದ್ದವನು ಒಂದು ಹೆಜ್ಜೆ ಮುಂದೆ. ಇಲ್ಲದವಳು ಶಾಲೆಯ ಒಂದೋ ಎರಡೋ ಕ್ಯಾಮರಾಗೆ ಸರದಿಯಲ್ಲಿ ನಿಲ್ಲಬೇಕು. ಮೈಗಳ್ಳನನ್ನು ಹಿಡಿಯೋಕೆ ಗುಂಪನ್ನೇ ಒಡೆಯಬೇಕಿತ್ತಾ? ಪ್ರತಿಯೊಬ್ಬರೂ ದಿನದಿನದ ಕೆಲಸ ಬರೆದಿಡಲಿ, ಯಾವ ಚೌಕಟ್ಟನ್ನು ಯಾಕೆ ಅಲ್ಲಿ ಕತ್ತರಿಸಿದೆ ಅಂತ ಪರೀಕ್ಷಕರು ಎದುರು ಕೂರಿಸಿ ಕೇಳಲಿ. ಕೆಲಸ ಮಾಡದವನು ಎರಡನೆ ಪ್ರಶ್ನೆಗೇ ತೊದಲ್ತಾನೆ.

ಹಳೆಯ ಕ್ರಮದ ಕೊನೆಯ ಪರೀಕ್ಷೆ ನಡೆದದ್ದು 2018ರ ಬೇಸಗೆಯಲ್ಲಿ. ಆ ಮಕ್ಕಳು ಯಾವ ಪತ್ರಿಕೆಯ ಪುಟ ಕಣ್ಣಮುಂದಿಟ್ಟುಕೊಂಡು ಜಾಹೀರಾತು ರಚಿಸುತ್ತಿದ್ದರೋ ಅಂಥ ಸಂಗೀತ ಪತ್ರಿಕೆಗಳಲ್ಲಿ ಮುಖ್ಯವಾದ ಎನ್‌ಎಂಇ, 1952ರಿಂದ ನಡೆದುಬಂದ ವಾರಪತ್ರಿಕೆ, ಅದೇ ವರ್ಷ ಮಾರ್ಚಿನಲ್ಲಿ ವಾರವಾರ ಅಚ್ಚಾಗೋದನ್ನು ನಿಲ್ಲಿಸಿತು. ಸಿಡಿ ಕೊಳ್ಳುವವರೂ ಆಗಲೇ ಕಮ್ಮಿಯಾಗಿದ್ದರು. ಮಾರುಕಟ್ಟೆಯಲ್ಲಿಲ್ಲದ ಸಿಡಿಗೆ, ನಿಂತುಹೋದ ಪತ್ರಿಕೆಯಲ್ಲಿ ಜಾಹೀರಾತು! ನಗುವವರು ನಗಲಿ. ಆ ಹೊದಿಕೆಯ ಮೇಲೆ ಅಕ್ಷರ ಜೋಡಿಸಿ ಕಲಿತ ಕೈ ನಾಳೆ ಬೇರೆ ಯಾವುದನ್ನಾದರೂ ಜೋಡಿಸ್ತದೆ.

ಇದರಿಂದ ಹೊಟ್ಟೆ ತುಂಬ್ತದಾ ಅಂತ ಇಲ್ಲಿಯ ಅಪ್ಪಂದಿರು ಕೇಳ್ತಾರೆ. ಎಲ್ಲರದ್ದೂ ತುಂಬದು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ ತಗೊಂಡು, ಅದನ್ನು ಪಕ್ಕಕ್ಕಿಟ್ಟು ಹಾಡಿಗೆ ಇಳಿದವರು. ಅವರ ಮೊದಲ ಆಲ್ಬಂ ಹೊರಬರೋಕೆ 2008ರವರೆಗೆ ಕಾಯಬೇಕಾಯಿತು. 2010ರಲ್ಲಿ ಬಿಬಿಸಿಯ ಟೆಲಿವಿಷನ್ ವೇದಿಕೆಯಲ್ಲಿ ಹಾಡಿದರು. ಅಂಥವರು ನೂರಕ್ಕೊಬ್ಬರು. ಉಳಿದ ತೊಂಬತ್ತೊಂಬತ್ತು ಮಕ್ಕಳಿಗೆ ಬೇಕಾಗಿರೋದು ಖ್ಯಾತಿಯಲ್ಲ. ಭಾನುವಾರ ಕೆರೆ ಏರಿ ಮೇಲೆ ಬೆವರು ಸುರಿಸಿ ತೆಗೆದದ್ದನ್ನು ಸೋಮವಾರ ಯಾರಾದರೂ ದೊಡ್ಡವರು ಕೂತು ನೋಡಿ, ಇಲ್ಲಿ ತುಟಿ ತಪ್ಪಿದೆ, ಈ ಹಾಡಿಗೆ ಅಪ್ಪಣೆ ತಗೊಂಡಿದ್ದೀರಾ, ಪೋಸ್ಟರಿನಲ್ಲಿ ಕ್ಯಾಮರಾ ಹಿಡಿದವಳ ಹೆಸರೆಲ್ಲಿ ಅಂತ ಕೇಳಬೇಕು.

ಜಿಲ್ಲೆಯ ಪತ್ರಿಕೋದ್ಯಮ ವಿಭಾಗಗಳಲ್ಲಿ ಕಂಪ್ಯೂಟರು ಕೊಠಡಿಗಳಿವೆ, ಸಂಜೆ ನಾಲ್ಕೂವರೆಗೆ ಬೀಗ ಬೀಳ್ತದೆ. ಆ ಬೀಗದ ಕೈ ವಾರಕ್ಕೆರಡು ಸಂಜೆ ಏಳರವರೆಗೆ ಯಾರ ಬಳಿ ಇರಬೇಕು ಅನ್ನೋದನ್ನು ತೀರ್ಮಾನಿಸೋಕೆ ಇಂಗ್ಲೆಂಡಿನ ಪರೀಕ್ಷಾ ಮಂಡಳಿ ಬೇಕಿಲ್ಲ, ಪ್ರಾಂಶುಪಾಲರ ಒಂದು ಸಹಿ ಸಾಕು.