ಬೆರಳಿಗೆ ಬಿಡುವು, ಗಂಟಲಿಗೆ ಭಾರ?

ಮಣಿಕಟ್ಟು ನೋಯುತ್ತದೆ, ಬೆರಳು ಜೋಮು ಹಿಡಿಯುತ್ತದೆ ಎಂದು ವೈದ್ಯರ ಬಳಿ ಬರುವವರು ಈಗ ಕಚೇರಿಯ ನೌಕರರು ಮಾತ್ರವಲ್ಲ. ಮನೆಯ ಕಂಪ್ಯೂಟರಿನಲ್ಲಿ ಪಾಠದ ಟಿಪ್ಪಣಿ ಸಿದ್ಧಪಡಿಸುವ ಅಧ್ಯಾಪಕರು, ಪ್ರಬಂಧ ಮುಗಿಸುವ ಅವಸರದ ವಿದ್ಯಾರ್ಥಿಗಳು, ನೆನಪುಗಳನ್ನು ಬರೆದಿಡಲು ಕುಳಿತ ನಿವೃತ್ತರೂ ಇದ್ದಾರೆ. ಅವರಲ್ಲಿ ಹಲವರ ಪ್ರಶ್ನೆ ಒಂದೇ: "ಡಾಕ್ಟ್ರೇ, ಟೈಪ್ ಮಾಡುವುದನ್ನು ಬಿಟ್ಟು ಬಾಯಲ್ಲೇ ಹೇಳಿ ಬರೆಸಿದರೆ ನೋವು ಹೋಗುತ್ತದೆಯೇ?"

ಬರೆಸಿ, ತಪ್ಪಿಲ್ಲ. ಆದರೆ ಮೊದಲು ಕೈಯನ್ನು ಪರೀಕ್ಷೆ ಮಾಡಿಸಿಕೊಳ್ಳಿ ಎಂಬುದು ನನ್ನ ಉತ್ತರ.

ಹೇಳಿದ್ದನ್ನು ಕಂಪ್ಯೂಟರ್ ಬರೆದುಕೊಳ್ಳುವುದು ಇಂದು ನಿನ್ನೆಯ ವಿದ್ಯೆಯಲ್ಲ. 1990ರಲ್ಲಿ ಬಂದ 'ಡ್ರಾಗನ್ ಡಿಕ್ಟೇಟ್' ಎಂಬ ತಂತ್ರಾಂಶಕ್ಕೆ ಒಂದೊಂದು ಪದಕ್ಕೂ ನಿಲ್ಲಿಸಿ ನಿಲ್ಲಿಸಿ ಹೇಳಬೇಕಿತ್ತು. ಸಹಜವಾಗಿ ಮಾತನಾಡಿದರೂ ಗ್ರಹಿಸುವ ತಂತ್ರಾಂಶಗಳು ಮನೆಬಳಕೆಗೆ ಬಂದದ್ದು 1997ರಲ್ಲಿ, ಅದೂ ಇಂಗ್ಲಿಷಿನಂಥ ಭಾಷೆಗಳಿಗೆ. ಗೂಗಲ್‌ನ ಧ್ವನಿ ಟೈಪಿಂಗ್‌ಗೆ ಕನ್ನಡ ಸೇರಿದ್ದು 2017ರಲ್ಲಿ. ಈಗ ಇಂಟರ್‌ನೆಟ್ ಮತ್ತು ಒಂದು ಸಾಧಾರಣ ಮೈಕು ಇದ್ದರೆ ಕನ್ನಡದಲ್ಲೇ ಹೇಳಿ ಬರೆಸಬಹುದು.

ಇಷ್ಟು ಸುಲಭವಾದುದರಿಂದಲೇ ಒಂದು ಅಪಾಯವಿದೆ. ಕೀಲಿಮಣೆ ಬಿಟ್ಟ ಕೂಡಲೇ ನೋವು ಸ್ವಲ್ಪ ತಗ್ಗುತ್ತದೆ. ರೋಗಿ ವೈದ್ಯರನ್ನು ಮರೆಯುತ್ತಾನೆ. ಆದರೆ ಎಲ್ಲ ಕೈನೋವಿಗೂ ಟೈಪಿಂಗ್ ಕಾರಣವಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಕಿರುಬೆರಳು ಮಾತ್ರ ಚೆನ್ನಾಗಿದ್ದರೆ, ರಾತ್ರಿ ಎಚ್ಚರವಾಗಿ ಕೈ ಕೊಡವಬೇಕೆನಿಸಿದರೆ, ಮಣಿಕಟ್ಟಿನಲ್ಲಿ ಮೀಡಿಯನ್ ನರದ ಮೇಲೆ ಒತ್ತಡ ಬಿದ್ದಿರಬಹುದು. ಇದಕ್ಕೆ 'ಕಾರ್ಪಲ್ ಟನಲ್ ಸಿಂಡ್ರೋಮ್' ಎನ್ನುತ್ತೇವೆ. ಮಧುಮೇಹ, ಥೈರಾಯ್ಡ್ ಕೊರತೆ, ಸಂಧಿವಾತ, ಗರ್ಭಾವಸ್ಥೆ ಇವೆಲ್ಲ ಇದರ ಹಿಂದಿರಬಹುದು. ಆರಂಭದಲ್ಲಿ ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡರೆ ಸಾಕಾಗಬಹುದು. ಹೆಬ್ಬೆರಳಿನ ಬುಡದ ಮಾಂಸ ಕರಗಿದ ಮೇಲೆ ಬಂದರೆ ಶಸ್ತ್ರಚಿಕಿತ್ಸೆ ಮಾಡಿದರೂ ಹೋದ ಶಕ್ತಿ ಪೂರ್ತಿ ಮರಳುವ ಭರವಸೆ ಇಲ್ಲ. ರಕ್ತದ ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸದೆ ಬರೀ ಮೈಕು ಕೊಂಡು ತಂದರೆ, ಸೋರುವ ಸೂರಿನ ಕೆಳಗೆ ಬಕೆಟ್ ಇಟ್ಟಂತೆ.

ಎರಡನೆಯದು ಗಂಟಲಿನ ವಿಷಯ. ಪದಕ್ಕೊಮ್ಮೆ ನಿಲ್ಲಿಸಿ ಹೇಳಬೇಕಿದ್ದ ಆ ಕಾಲದಲ್ಲೇ ಬಳಕೆದಾರರ ದನಿ ಒಡೆಯುವುದನ್ನು ವೈದ್ಯರು ಗಮನಿಸಿದ್ದರು. ಪ್ರತಿ ಪದದ ಆರಂಭದಲ್ಲೂ ಧ್ವನಿತಂತುಗಳು ಬಲವಾಗಿ ಒಂದಕ್ಕೊಂದು ತಾಗುತ್ತವೆ. ಇಂದಿನ ತಂತ್ರಾಂಶಕ್ಕೆ ಹಾಗೆ ನಿಲ್ಲಿಸಬೇಕಿಲ್ಲ; ಆದರೂ ಯಂತ್ರ ತಪ್ಪು ಬರೆದಾಗ ನಾವು ಕಿವಿ ಮಂದವಾದವರೊಡನೆ ಮಾತಾಡುವಂತೆ ದನಿ ಏರಿಸಿ, ಒತ್ತಿ ಒತ್ತಿ ಹೇಳುತ್ತೇವೆ. ಹಗಲೆಲ್ಲ ತರಗತಿಯಲ್ಲಿ ಮಾತನಾಡಿ ಬಂದ ಅಧ್ಯಾಪಕರು ರಾತ್ರಿಯೂ ಹೀಗೆ ಹೇಳಿ ಬರೆಸಿದರೆ ಗಂಟಲಿಗೆ ಬಿಡುವೆಲ್ಲಿ? ದನಿಯೇ ಅವರ ಅನ್ನ.

ಆದ್ದರಿಂದ ಇದನ್ನೂ ಔಷಧಿಯಂತೆ ಪ್ರಮಾಣವರಿತು ಬಳಸಿ. ನಾನು ಸೂಚಿಸುವ ಲೆಕ್ಕ ಸರಳ: ಇಪ್ಪತ್ತು ನಿಮಿಷ ಹೇಳಿದರೆ ಐದು ನಿಮಿಷ ಮೌನ. ಪಕ್ಕದಲ್ಲಿ ನೀರಿರಲಿ. ಮೈಕು ಬಾಯಿಗೆ ಹತ್ತಿರವಿದ್ದರೆ ಕೂಗಬೇಕಿಲ್ಲ. ಪಿಸುಗುಟ್ಟುವುದೂ ಬೇಡ, ಅದರಿಂದಲೂ ಗಂಟಲಿಗೆ ಆಯಾಸವೇ. ನೆಗಡಿ, ಗಂಟಲು ನೋವು ಇದ್ದ ದಿನ ರಜೆ ಕೊಡಿ. ದನಿ ಒಡೆದು ಮೂರು ವಾರವಾದರೂ ಸರಿಯಾಗದಿದ್ದರೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಲೇಬೇಕು. ತಂಬಾಕು ಸೇವಿಸುವವರಂತೂ ತಡ ಮಾಡಕೂಡದು.

ಟಿವಿ, ಮಿಕ್ಸಿಯ ಸದ್ದಿನ ನಡುವೆ ಹೇಳಿದರೆ ತಪ್ಪುಗಳು ಹೆಚ್ಚುತ್ತವೆ. ಅವನ್ನು ತಿದ್ದಲು ಮತ್ತೆ ಮೌಸ್ ಹಿಡಿಯಬೇಕು. ಉಳಿಸಿದ ಶ್ರಮ ಅಲ್ಲಿಗೇ ಸರಿಹೋಯಿತು. ಸದ್ದಿಲ್ಲದ ಕೋಣೆಯಲ್ಲಿ ಮೊದಲು ಎಲ್ಲವನ್ನೂ ಹೇಳಿ ಮುಗಿಸಿ, ಆಮೇಲೆ ಒಮ್ಮೆಗೇ ನಿಧಾನವಾಗಿ ತಿದ್ದಿ. ಔಷಧಿಯ ಹೆಸರು, ಪ್ರಮಾಣ ಬರೆಸಿದ್ದರೆ ಕಣ್ಣಿಟ್ಟು ಓದಿ. ಇಂಗ್ಲಿಷಿನ 'ಫಿಫ್ಟೀನ್' ಯಂತ್ರದ ಕಿವಿಗೆ 'ಫಿಫ್ಟಿ' ಆಗಿಬಿಡಬಹುದು.

ಇಷ್ಟು ಎಚ್ಚರ ಹೇಳಿದರೂ ನಾನು ಈ ಸೌಲಭ್ಯದ ವಿರೋಧಿಯಲ್ಲ. ಸಂಧಿವಾತದಿಂದ ಬೆರಳು ಸೊಟ್ಟಗಾದವರು, ಕೈ ನಡುಗುವವರು, ಪಾರ್ಶ್ವವಾಯುವಿನಿಂದ ಬಲಗೈ ಸೋತರೂ ಮಾತು ಸ್ಪಷ್ಟವಾಗಿ ಉಳಿದವರು ನಮ್ಮ ಮನೆಗಳಲ್ಲಿದ್ದಾರೆ. "ಇನ್ನು ನನ್ನಿಂದ ಬರೆಯಲಾಗದು" ಎಂದು ಅವರು ಪೆನ್ನು ಕೆಳಗಿಟ್ಟು ವರ್ಷಗಳಾಗಿರುತ್ತವೆ. ಮಗಳಿಗೊಂದು ಪತ್ರ, ಬ್ಯಾಂಕಿಗೊಂದು ಅರ್ಜಿ ಬರೆಯಲೂ ಅವರು ಇನ್ನೊಬ್ಬರ ಬಿಡುವು ಕಾಯಬೇಕು. ನಿಜವಾಗಿ ಈ ತಂತ್ರಾಂಶ ಬೇಕಾಗಿರುವುದು ಅವರಿಗೆ. ಆದರೆ ಅದನ್ನು ತೆರೆದು, ಕನ್ನಡ ಆರಿಸಿ, ಮೈಕು ಹೊಂದಿಸಿಕೊಡುವವರು ಮನೆಯಲ್ಲಿ ಯಾರೂ ಸಿಗುವುದಿಲ್ಲ.

ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಮೊದಲ ನಾಲ್ಕು ಸಾಲು ತಪ್ಪಾಗಿ ಮೂಡಬಹುದು, ಬೇಸರಿಸಬೇಡಿ. ತಾವು ಆಡಿದ ಮಾತು ಅಕ್ಷರವಾಗುವುದನ್ನು ಅವರೇ ಕಣ್ಣಾರೆ ನೋಡಲಿ.