ಕಪಾಟಿನಲ್ಲಿ ಕೂತ ಹಾಡಿಗೆ ಬಿಡುಗಡೆ ಎಂದು?

ಮಲೆಮಹದೇಶ್ವರನ ಹಾಡು ಯಾರಪ್ಪನ ಸ್ವತ್ತು? ಕೊಳ್ಳೇಗಾಲದ ಬಸ್ಸಿಗೆ ಕಾದು ನಿಂತ ಯಾವ ಹೆಂಗಸನ್ನು ಕೇಳಿದರೂ ನಕ್ಕುಬಿಟ್ಟಾಳು. ಕಟ್ಟಿದವರ ಹೆಸರಿಲ್ಲ, ಮಟ್ಟು ಹಾಕಿದವರ ಹೆಸರಿಲ್ಲ, ಕಂಸಾಳೆಯವರ ಬಾಯಿಂದ ಬಾಯಿಗೆ ಬಂದದ್ದು. ಆದರೆ ಅದೇ ಹಾಡು ಟೇಪಿಗೆ ಏರಿ, ಕ್ಯಾಸೆಟ್ಟಾಗಿ, ಸೀಡಿಯಾಗಿ ಬಜಾರಿಗೆ ಬಂತೆಂದರೆ ಅದಕ್ಕೊಬ್ಬ ಯಜಮಾನ ಹುಟ್ಟಿಕೊಳ್ಳುತ್ತಾನೆ. ಹಾಡಿದವನಲ್ಲ, ಹಾಡಿಸಿದವನು!

ಈ ವಿಷಯದಲ್ಲಿ ಜನರಿಗೆ ಇಲ್ಲದ ಭಯವೂ ಉಂಟು. ತಲೆಮಾರುಗಳಿಂದ ಬಂದ ಪದಕ್ಕೆ ಒಡೆಯರಿಲ್ಲ. 1957ರ ಕಾಪಿರೈಟ್ ಕಾಯಿದೆ ಹಕ್ಕು ಕೊಡುವುದು ಆ ಒಂದು ಧ್ವನಿಮುದ್ರಣಕ್ಕೆ, ಅದೂ ಪ್ರಕಟವಾದ ಮರುವರ್ಷದಿಂದ 60 ವರ್ಷ. ಅಂದರೆ 1964ರವರೆಗೆ ಹೊರಬಂದ ಪ್ಲೇಟುಗಳೆಲ್ಲ ಈಗ ಸಾರ್ವಜನಿಕರ ಪಾಲು. ಮದುವೆ ದಿಬ್ಬಣದಲ್ಲಿ ಹಾಡು ಹಾಕಿದರೆ ತಪ್ಪಲ್ಲವೆಂದು ಕಾಯಿದೆಯಲ್ಲೇ ಬರೆದಿದೆ. ಗಿರಾಕಿ ಸೆಳೆಯಲು ಅಂಗಡಿ ಮುಂದೆ ಕಂಪನಿಯ ಹೊಸ ರೆಕಾರ್ಡು ಹಾಕುವ ವ್ಯಾಪಾರಿಗೆ ಮಾತ್ರ ಆ ರಿಯಾಯಿತಿ ಇಲ್ಲ. ಅದೇ ಪದವನ್ನು ಅಂಗಡಿ ಹುಡುಗ ಗುನುಗಿಕೊಂಡರೆ ಯಾರ ಅಪ್ಪಣೆಯೂ ಬೇಡ.

ಕಾರಂತರ ಯಕ್ಷಗಾನ ಬ್ಯಾಲೆಯ ಹಕ್ಕಿನ ಜಗಳ ಉಡುಪಿಯಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಪಾಯಿತಲ್ಲ, ಅಲ್ಲಿಯೂ ವ್ಯಾಜ್ಯ ಇದ್ದದ್ದು ಕಾರಂತರು ಹೊಸದಾಗಿ ರೂಪಿಸಿದ್ದರ ಮೇಲೆ. ಊರೂರಿನ ಯಕ್ಷಗಾನವನ್ನು ಯಾರೂ ಬರೆಸಿಕೊಳ್ಳಲಿಲ್ಲ, ಬರೆಸಿಕೊಳ್ಳಲು ಆಗುವುದೂ ಇಲ್ಲ.

ನಿಜವಾದ ತೊಡಕು ಇರುವುದು ಕಂಪನಿಗಳಲ್ಲಲ್ಲ, ಕಪಾಟುಗಳಲ್ಲಿ. ಮೈಸೂರು ವಿಶ್ವವಿದ್ಯಾನಿಲಯ 1960ರ ದಶಕದಲ್ಲೇ ಜಾನಪದ ಸಂಗ್ರಹಕ್ಕೆ ಕೈ ಹಾಕಿತು. ಜೀ.ಶಂ. ಪರಮಶಿವಯ್ಯನವರಂಥವರು ಹಳ್ಳಿ ಹಳ್ಳಿ ಅಲೆದು ಹಾಡು ಹಿಡಿದು ತಂದರು. ಆಕಾಶವಾಣಿ ದಶಕಗಳ ಕಾಲ ಮುದ್ರಿಸಿಕೊಂಡಿತು. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನೇ ಕಟ್ಟಿದರು. ಗೊಟಗೋಡಿಯಲ್ಲಿ 2011ರಿಂದ ಜಾನಪದಕ್ಕೇ ಒಂದು ವಿಶ್ವವಿದ್ಯಾಲಯ ಬಂತು. ಎಲ್ಲ ಸರಿ. ಈ ಕೆಲಸಕ್ಕೆ ಸಾರ್ವಜನಿಕರ ದುಡ್ಡೂ ಹೋಗಿದೆ, ಹಾಡಿದವರು ರಾಗಿ ಬೀಸುವ ಹೆಂಗಸರು, ದೇವರಗುಡ್ಡರು, ನೀಲಗಾರರು. ಮುದ್ರಿಸಿಕೊಂಡು ಹೋದ ಹಾಡುಗಳಲ್ಲಿ ಎಷ್ಟು ಹಾಡಿದವರ ಊರಿಗೆ ಮರಳಿವೆ?

ಇನ್ನೊಂದು ವಿಚಿತ್ರ. 60 ವರ್ಷದ ಲೆಕ್ಕ ಶುರುವಾಗುವುದು ಪ್ರಕಟವಾದ ಮೇಲೆ. ಪ್ರಕಟವೇ ಆಗದೆ ಕೂತ ಟೇಪಿಗೆ ಲೆಕ್ಕ ಶುರುವಾಗುವುದಾದರೂ ಎಂದು? ಅಷ್ಟರಲ್ಲಿ ಧೂಳು, ಬೂಷ್ಟು ಬಿಡುತ್ತವೆಯೆ? ಟೇಪಿನ ಲೇಪನ ಉದುರಿತೆಂದರೆ ದನಿಯೂ ಹೋಯಿತು. ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅಂಥವರು ಹೋದಮೇಲೆ ಮತ್ತೆ ಹಾಡಿಸಿಕೊಳ್ಳುತ್ತೇವೆ ಎಂದರೆ ನಡೆಯುತ್ತದೆಯೆ?

ಹಲಸಂಗಿಯ ಗೆಳೆಯರ ಬಳಿ ಟೇಪೂ ಇರಲಿಲ್ಲ, ಗ್ರಾಂಟೂ ಇರಲಿಲ್ಲ. ಕೇಳಿದರು, ಬರೆದುಕೊಂಡರು, 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸಿ ಜನರ ಕೈಗಿಟ್ಟರು.

ಪುಕ್ಕಟೆ ಬಿಟ್ಟರೆ ಕಲಾವಿದನ ಹೊಟ್ಟೆಗೇನು ಎಂಬ ಮಾತಿದೆ. ನ್ಯಾಯವಾದ ಮಾತೇ. ಕೇಳುವವರಿಗೆ, ಕಲಿಯುವವರಿಗೆ ಪುಕ್ಕಟೆ ಕೊಡಲಿ. ಅದರಿಂದ ಕಾಸು ಮಾಡುವವರು ಹಾಡಿದವರಿಗೆ ಪಾಲು ಕೊಡಲಿ. 2012ರ ತಿದ್ದುಪಡಿ ಬಂದಮೇಲೆ ವಾಣಿಜ್ಯ ಬಳಕೆಯಲ್ಲಿ ಕಲಾವಿದನಿಗೆ ರಾಯಧನದ ಹಕ್ಕಿದೆ. ಅದನ್ನು ಕಂಸಾಳೆಯವನಿಗೆ ತಿಳಿಸಿ ಹೇಳಿದವರು ಎಷ್ಟು ಮಂದಿ? ಹಾಗೆಯೇ ಎಲ್ಲವನ್ನೂ ಎಲ್ಲರಿಗೂ ಎಂದು ಎಳೆದಾಡುವುದೂ ಬೇಡ. ಗುರುವಿನಿಂದ ದೀಕ್ಷೆ ಪಡೆದು ಕಂಸಾಳೆ ಹಿಡಿಯುವ ಸಂಪ್ರದಾಯ ಅವರದು. ಹಾಡು ಎಲ್ಲರ ಕಿವಿಗೆ ಬೀಳಲಿ, ದೀಕ್ಷೆ ಯಾರಿಗೆ ಎಂಬುದನ್ನು ಅವರೇ ತೀರ್ಮಾನಿಸಲಿ.

ಸಂಗ್ರಹ ಇಟ್ಟುಕೊಂಡವರು ಮೊದಲು ಯಾವ ಊರಿನ, ಯಾರ ಹಾಡು ತಮ್ಮಲ್ಲಿದೆ ಎಂಬ ಪಟ್ಟಿಯನ್ನಾದರೂ ಹೊರಹಾಕಲಿ. ಹಾಡಿದವರ ಹೆಸರು ಸಮೇತ ಪ್ರತಿಗಳು ತಾಲ್ಲೂಕು ಲೈಬ್ರರಿಗೆ, ಶಾಲೆಗೆ ಬರಲಿ. ಈಗ ಪ್ರತಿಯೊಬ್ಬರ ಜೇಬಿನಲ್ಲೂ ಫೋನಿದೆ, ಕೇಳಿಸಲು ದೊಡ್ಡ ಖರ್ಚೇನೂ ಇಲ್ಲ. ಮುಂದಿನ ಚಿಕ್ಕಲ್ಲೂರು ಜಾತ್ರೆಗೆ ನೀಲಗಾರರು ಸೇರುವ ಹೊತ್ತಿಗೆ, ಅವರ ತಾತಂದಿರು ಹಾಡಿದ್ದನ್ನು ಅವರಿಗೊಮ್ಮೆ ಕೇಳಿಸುವ ಏರ್ಪಾಟನ್ನಾದರೂ ಸಂಬಂಧಪಟ್ಟವರು ಮಾಡುವರೆ?