ಶುಲ್ಕ ಏರಿತು, ತಪಾಸಣೆ ಯಾವಾಗ?

ಮಾನ್ಯ ಸಾರಿಗೆ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು



ಧಾರವಾಡದ ಲಕಮನಹಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ 2003ರಲ್ಲಿ ನೋಂದಣಿಯಾದ ಟಾಟಾ ಸುಮೋ ಇದೆ. 15 ವರ್ಷ ತುಂಬಿದಾಗ, 2018ರಲ್ಲಿ, ಅದರ ನೋಂದಣಿ ನವೀಕರಣಕ್ಕೆ ಕಟ್ಟಿದ ಶುಲ್ಕ 600 ರೂಪಾಯಿ. 2023ರಲ್ಲಿ 5,000 ರೂಪಾಯಿ ಕಟ್ಟಿದೆವು. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, 20 ವರ್ಷ ದಾಟಿದ ಕಾರು, ಜೀಪುಗಳಿಗೆ ಈ ಶುಲ್ಕವನ್ನು 10,000 ರೂಪಾಯಿಗೆ ಏರಿಸಿದೆ. 2028ರಲ್ಲಿ ನಮ್ಮ ಪಾಲಿಗೆ ಬರುವುದು ಅದೇ. ಅರ್ಜಿ ತಡವಾದರೆ ತಿಂಗಳಿಗೆ 500 ರೂಪಾಯಿ ಬೇರೆ.

ಕಟ್ಟುವುದಿಲ್ಲ ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. 600 ರೂಪಾಯಿ ಕಟ್ಟಿದಾಗ ಗಾಡಿಯಲ್ಲಿ ಏನೇನು ನೋಡಿದರೋ 5,000 ಕಟ್ಟಿದಾಗಲೂ ಅಷ್ಟನ್ನೇ ನೋಡಿದರು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿದ್ದಾಯಿತು, ಲೈಟು ಹತ್ತಿಸಿ, ಹಾರ್ನ್ ಒತ್ತಿಸಿ, ವಿಮೆಯ ಕಾಗದ, ಹೊಗೆ ತಪಾಸಣೆಯ ಚೀಟಿ ನೋಡಿದ್ದಾಯಿತು. ಗಾಡಿಯ ಕೆಳಗೆ ಯಾರೂ ಬಗ್ಗಿ ನೋಡಲಿಲ್ಲ. ಬ್ರೇಕ್ ಹಿಡಿಯುತ್ತದೋ ಇಲ್ಲವೋ ಎಂದು ಹತ್ತು ಮಾರು ಓಡಿಸಿಯೂ ನೋಡಲಿಲ್ಲ. ಅದು ಯಾವ ಕಚೇರಿ ಎಂದು ಹೇಳುವುದು ಬೇಡ. ದಿನಕ್ಕೆ ಅಷ್ಟೊಂದು ಗಾಡಿ ನೋಡಬೇಕಾದ ಮೋಟಾರು ವಾಹನ ನಿರೀಕ್ಷಕರ ಕೈಗೆ ಪೆನ್ಸಿಲ್ ಮಾತ್ರ ಕೊಟ್ಟರೆ ಅವರಾದರೂ ಏನು ಮಾಡಿಯಾರು?

ಶುಲ್ಕ ದಿಲ್ಲಿಯದು ಎಂದು ನೀವು ಹೇಳಬಹುದು, ಅದು ನಿಜ. ಆದರೆ ತಪಾಸಣೆ ನಡೆಯುವುದು ನಿಮ್ಮ ಇಲಾಖೆಯ ಅಂಗಳದಲ್ಲಿ. 15 ವರ್ಷ ಮೀರಿದ ಗಾಡಿಯ ಮೇಲಿನ ಹಸಿರು ತೆರಿಗೆ ರಾಜ್ಯದ್ದು. ಹೊಸ ಗಾಡಿಯ ಮೇಲಿನ ಜೀವಿತಾವಧಿ ತೆರಿಗೆಯೂ ರಾಜ್ಯದ್ದೇ. ಹಾಗಾಗಿ ಪತ್ರ ನಿಮಗೆ.

ಹಳೆಯ ಗಾಡಿಯನ್ನು ಜನ ಯಾಕೆ ಇಟ್ಟುಕೊಳ್ಳುತ್ತಾರೆ ಎಂಬುದಕ್ಕೆ ನಮ್ಮ ಜಿಲ್ಲೆಯ ನೆಲವನ್ನು ನೋಡಿದರೆ ಸಾಕು. ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಹೊಲಕ್ಕೆ ಒಂದು ಹದ ಮಳೆ ಬಿದ್ದರೆ ಸಣ್ಣ ಕಾರು ಹೊಟ್ಟೆ ಹಚ್ಚಿ ಕೂಡುತ್ತದೆ. ಬೆಣ್ಣೆಹಳ್ಳ ತುಂಬಿದರೆ ಇರುವ ದಾರಿಯೂ ಇಲ್ಲ. ಇತ್ತ ಕಲಘಟಗಿ, ಅಳ್ನಾವರ ಕಡೆ ಹೋದರೆ ಕೆಂಪು ಮಣ್ಣಿನ ಏರಿಳಿತ. ಬೀಜ, ಗೊಬ್ಬರದ ಚೀಲ ಹಾಕಿಕೊಂಡು ಹೊಲದ ಬದುವಿನ ತನಕ ಹೋಗಬೇಕು, ಬನದ ಹುಣ್ಣಿಮೆಗೆ ಇಡೀ ಮನೆಯನ್ನು ಯಲ್ಲಮ್ಮನ ಗುಡ್ಡಕ್ಕೆ ಒಯ್ಯಬೇಕು, ನಡುರಾತ್ರಿ ಯಾರಿಗಾದರೂ ಎದೆ ನೋವು ಬಂದರೆ ಸತ್ತೂರಿನ ಆಸ್ಪತ್ರೆಗೋ ಹುಬ್ಬಳ್ಳಿಯ ಕಿಮ್ಸ್‌ಗೋ ಮುಟ್ಟಿಸಬೇಕು. ಸುಮೋ, ಬೊಲೆರೊ, ಟ್ರ್ಯಾಕ್ಸ್, ಕ್ವಾಲಿಸ್ ಈ ಭಾಗದಲ್ಲಿ ಉಳಿದಿರುವುದು ಈ ಕೆಲಸಗಳಿಗೆ. ಅವುಗಳ ಜಾಗಕ್ಕೆ ಇಂದು 12 ಲಕ್ಷ ರೂಪಾಯಿಯ ಗಾಡಿ ಕೊಂಡರೆ ಶೇ 17ರ ಲೆಕ್ಕದಲ್ಲಿ ಜೀವಿತಾವಧಿ ತೆರಿಗೆಯೇ ಎರಡು ಲಕ್ಷ ದಾಟುತ್ತದೆ. ಎಂಟೆಕರೆ ಒಣಬೇಸಾಯದ ಮನೆಗೆ ಇದು ಸಣ್ಣ ಮಾತಲ್ಲ. ಮತ್ತೆ ನೆನಪಿರಲಿ, ಇವು ವರ್ಷಪೂರ್ತಿ ಹಗಲೂ ರಾತ್ರಿ ಓಡುವ ಟ್ಯಾಕ್ಸಿಗಳಲ್ಲ. ಹೆಚ್ಚಿನ ದಿನ ಮನೆಯ ಮುಂದೆಯೇ ನಿಂತಿರುತ್ತವೆ. ಗಾಳಿಗೆ ಸೇರುವ ಹೊಗೆಯ ಲೆಕ್ಕ ಹಿಡಿಯುವಾಗ ಗಾಡಿಯ ವಯಸ್ಸಿನ ಜೊತೆ ಅದು ಓಡಿದ ಕಿಲೋಮೀಟರನ್ನೂ ಹಿಡಿಯಬೇಕಲ್ಲವೇ?

ಈಗ ನಮ್ಮೂರಿನ ಮಾತಿಗೆ ಬರುತ್ತೇನೆ. ಲಕಮನಹಳ್ಳಿ ಎಂದರೆ ಕೈಗಾರಿಕಾ ಪ್ರದೇಶ. ಪಿ.ಬಿ. ರಸ್ತೆಯಲ್ಲಿ ಚಿಗರಿ ಬಸ್ಸಿನಿಂದ ಇಳಿದು ಒಳಗೆ ನಡೆದರೆ ಲೇತ್, ವೆಲ್ಡಿಂಗ್, ಗ್ಯಾರೇಜಿನ ಸದ್ದು. ಇಲ್ಲಿ ಡೀಸೆಲ್ ಪಂಪ್ ಕೆಲಸ ಬಲ್ಲ ಮಿಸ್ತ್ರಿಯೊಬ್ಬರು ನಮ್ಮ ಗಾಡಿ ನೋಡಿಕೊಳ್ಳುತ್ತಾರೆ. ಏರು ಹತ್ತುವಾಗ ಕರಿ ಹೊಗೆ ಬರುತ್ತಿದೆ ಎಂದು ಒಯ್ದಾಗ ಅವರು ಮೊದಲು ಏರ್ ಫಿಲ್ಟರ್ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದರು. ಅದರಲ್ಲಿ ದೋಷವಿರಲಿಲ್ಲ. ಆಮೇಲೆ ನಾಲ್ಕೂ ನೋಝಲ್ ಇಳಿಸಿ, ಒಂದೊಂದನ್ನೇ ಟೆಸ್ಟರಿಗೆ ಕಚ್ಚಿಸಿ ಹಿಡಿಕೆ ಒತ್ತಿದರು. ಮುಳ್ಳು ಏರುತ್ತ ಹೋಗಿ ಒಂದು ಒತ್ತಡದಲ್ಲಿ ನೋಝಲ್ ಚಟ್ಟನೆ ಬಾಯಿ ಬಿಡಬೇಕು, ಡೀಸೆಲ್ ಮಂಜಿನ ಹಾಗೆ ಚದುರಬೇಕು, ಬಿಟ್ಟ ಕೂಡಲೇ ತುದಿ ಒಣಗಿರಬೇಕು. ಮೂರು ನೋಝಲ್ ಹಾಗೇ ಮಾಡಿದವು. ನಾಲ್ಕನೆಯದರ ತುದಿಯಿಂದ ಮಾತ್ರ ಡೀಸೆಲ್ ತೊಟ್ಟಿಕ್ಕಿತು. ‘ನೋಡ್ರಿ ಸರ್, ಇದು ಧಾರ ಬಿಡಾಕತ್ತೈತಿ. ಸುಡೂದುಲ್ಲ ಇದು. ಹಿಂಗ ಇಟ್ರ ಕರೀ ಹೊಗಿ ಬಂದ ಬರ್ತೈತಿ’ ಎಂದರು. ಆ ಒಂದು ನೋಝಲ್ ಬದಲಾಯಿಸಿ, ಪಂಪಿನ ಟೈಮಿಂಗ್ ಸರಿ ಮಾಡಿ ಕೊಟ್ಟರು. ಮರುದಿನದಿಂದ ಹೊಗೆ ಇಲ್ಲ.

ಹೊಗೆಯ ಬಣ್ಣದಲ್ಲೇ ಗಾಡಿಯ ಜಾತಕ ಇರುತ್ತದೆ ಎಂದು ಈ ಮಿಸ್ತ್ರಿಗಳು ಬಲ್ಲರು. ಕರಿ ಹೊಗೆ ಬಂದರೆ ಗಾಳಿ ಕಡಿಮೆ, ಇಲ್ಲವೇ ಡೀಸೆಲ್ ಹೆಚ್ಚು. ನೀಲಿ ಬಂದರೆ ಆಯಿಲ್ ಸುಡುತ್ತಿದೆ, ರಿಂಗ್ ಪಿಸ್ಟನ್ ನೋಡಬೇಕು. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಇವೆಲ್ಲ ದುರಸ್ತಿಯಾಗುವ ದೋಷಗಳು. ಎಂಟು ವರ್ಷದ ಗಾಡಿಯಲ್ಲೂ ಇರುತ್ತವೆ, ಇಪ್ಪತ್ತೆರಡು ವರ್ಷದ ಗಾಡಿಯಲ್ಲಿ ಇಲ್ಲದಿರಲೂಬಹುದು.

ಚಾಸಿಯ ಮಾತೂ ಅಷ್ಟೇ. ಕಾರವಾರ, ಅಂಕೋಲಾ ಕಡೆ ಉಪ್ಪು ಗಾಳಿಯಲ್ಲಿ ಓಡಿದ ಗಾಡಿಗೆ ಹೊರಗಿನಿಂದ ಹೊಳೆಯುವ ಪೇಂಟ್ ಇದ್ದರೂ ಕೆಳಗೆ ಪಾಟಾ ಕಟ್ಟುವ ಜಾಗದಲ್ಲಿ ತುಕ್ಕು ಪದರು ಬಿಟ್ಟಿರುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಗಟ್ಟಿ ಕಬ್ಬಿಣಕ್ಕೂ ತಿಂದ ಕಬ್ಬಿಣಕ್ಕೂ ಸದ್ದಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ನಮ್ಮ ಒಣ ಹವೆಯಲ್ಲಿ ನೆರಳಿಗೆ ನಿಂತ ಗಾಡಿಗೆ ಆ ರೋಗ ಕಡಿಮೆ. ಎರಡೂ ಒಂದೇ ವರ್ಷ ನೋಂದಣಿಯಾಗಿದ್ದರೆ ಇಂದಿನ ನಿಯಮದಲ್ಲಿ ಎರಡಕ್ಕೂ ಒಂದೇ ಶುಲ್ಕ, ಒಂದೇ ಪೆನ್ಸಿಲ್ ಗುರುತು, ಇನ್ನೈದು ವರ್ಷ ಓಡಲು ಒಂದೇ ಪರವಾನಗಿ. ತುಕ್ಕು ಹಿಡಿದ ಗಾಡಿಯೂ ಹತ್ತು ಸಾವಿರ ಕಟ್ಟಿ ರಸ್ತೆಗೆ ಇಳಿಯುತ್ತದೆ. ನನಗೆ ಭಯ ಇರುವುದು ಇದರದ್ದು. ಅದು ನನ್ನ ಎದುರಿಗೇ ಬರುತ್ತದೆ, ಶಾಲೆ ಮಕ್ಕಳು ಇರುವ ಆಟೋದ ಹಿಂದೆಯೂ ಬರುತ್ತದೆ.

ಹಳೆಯ ಗಾಡಿಯಲ್ಲಿ ಕೊರತೆಯೇ ಇಲ್ಲ ಎಂದು ನಾನು ವಾದಿಸುವುದಿಲ್ಲ. 2003ರ ಸುಮೋಗೆ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಹಿಂದಿನ ಎದುರುಬದುರು ಸೀಟಿಗೆ ಬೆಲ್ಟ್ ಇಲ್ಲ. ನಾವು ಅಲ್ಲಿ ಮಕ್ಕಳನ್ನು ಕೂರಿಸುವುದನ್ನು ಬಿಟ್ಟಿದ್ದೇವೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಎಂಜಿನ್ನಿನ ಮುಂದೆ ನಮ್ಮದು ಕಿಲೋಮೀಟರಿಗೆ ಹೆಚ್ಚು ಹೊಗೆ ಬಿಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಅದೇ 2020ರಿಂದ ಬಂಕಿನಲ್ಲಿ ಸಿಗುವ ಡೀಸೆಲಿನ ಗಂಧಕ 10 ಪಿಪಿಎಂಗೆ ಇಳಿದಿದೆ. ಬಿಎಸ್-3 ಕಾಲದಲ್ಲಿ ಅದು 350 ಇತ್ತು. ಅಷ್ಟರ ಮಟ್ಟಿಗೆ ಹಳೆಯ ಎಂಜಿನ್ನಿನ ಹೊಗೆಯೂ ಹಗುರಾಗಿದೆ. ಎಂಜಿನ್ ಕೆಟ್ಟರೆ ಮಾತ್ರ ಎಂಥ ಡೀಸೆಲ್ ಹಾಕಿದರೂ ಕೆಟ್ಟ ಹೊಗೆಯೇ.

ಆ ಕೆಟ್ಟ ಎಂಜಿನ್ನನ್ನು ಹಿಡಿಯಬೇಕಾದ ಹೊಗೆ ತಪಾಸಣೆ ಹೇಗಿದೆ? ಎಂಜಿನ್ ಬಿಸಿಯಾದ ಮೇಲೆ ಸೈಲೆನ್ಸರಿಗೆ ಕೊಳವೆ ಇಟ್ಟು, ಆಕ್ಸಿಲರೇಟರನ್ನು ಒಮ್ಮೆಗೇ ಪೂರ್ತಿ ಒತ್ತಿ, ಹಾಗೇ ಹಲವು ಸಲ ಮಾಡಿ ಹೊಗೆಯ ದಟ್ಟಣೆ ಅಳೆಯಬೇಕು. ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಮಿತಿ 65 ಹಾರ್ಟ್ರಿಜ್ ಯೂನಿಟ್, ಬಿಎಸ್-4 ಗಾಡಿಗೆ 50. ಪೂರ್ತಿ ಒತ್ತದೆ ಅರ್ಧ ಒತ್ತಿದರೆ ಯಾವ ಗಾಡಿಯೂ ಪಾಸಾಗುತ್ತದೆ. ಸಾರಜನಕದ ಆಕ್ಸೈಡುಗಳನ್ನಂತೂ ಈ ಯಂತ್ರ ಅಳೆಯುವುದೇ ಇಲ್ಲ. ನಮ್ಮಂಥ ಗಾಡಿಗೆ ಈ ಚೀಟಿಯನ್ನು ಆರು ತಿಂಗಳಿಗೊಮ್ಮೆ ಮಾಡಿಸಬೇಕು. ಅಷ್ಟು ಸಲ ಅಳೆಯುವುದಾದರೆ ಸರಿಯಾಗಿ ಅಳೆಯುವ ಏರ್ಪಾಡು ಮಾಡಿ. ನೋಝಲ್ ಸರಿ ಇಟ್ಟುಕೊಂಡವನಿಗೆ ಅದರಿಂದ ಯಾವ ಅಂಜಿಕೆಯೂ ಇಲ್ಲ.

ವಯಸ್ಸಿನ ಲೆಕ್ಕದಲ್ಲೇ ಗಾಡಿಗಳನ್ನು ತೆಗೆಯಲು ಹೊರಟ ದಿಲ್ಲಿ ನಗರದ ಕಥೆ ನಿಮಗೆ ಗೊತ್ತಿದೆ. 10 ವರ್ಷ ದಾಟಿದ ಡೀಸೆಲ್ ವಾಹನಕ್ಕೆ ಹಸಿರು ನ್ಯಾಯಮಂಡಳಿ 2015ರಲ್ಲಿ ತಡೆ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. 2025ರ ಜುಲೈ 1ರಿಂದ ಅಂಥ ಗಾಡಿಗೆ ಬಂಕಿನಲ್ಲಿ ಎಣ್ಣೆಯನ್ನೇ ಹಾಕಬೇಡಿ ಎಂದರು. ಜನರ ಕೂಗಿಗೆ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಬೇಕಾಯಿತು. ಈ ನಡುವೆ ಚೆನ್ನಾಗಿದ್ದ ಎಷ್ಟೋ ಎಸ್‌ಯುವಿಗಳು ಎನ್‌ಒಸಿ ಪಡೆದು ಅಗ್ಗದ ಬೆಲೆಗೆ ಬೇರೆ ರಾಜ್ಯ ಸೇರಿದವು. ಹೊಗೆ ಊರು ಬದಲಾಯಿಸಿತು, ಅಷ್ಟೇ. 2021ರ ಗುಜರಿ ನೀತಿ ಮಾತ್ರ ಕಾಗದದ ಮೇಲೆ ಚೆನ್ನಾಗಿದೆ. ಖಾಸಗಿ ಗಾಡಿಗೆ 20 ವರ್ಷದ ಮೇಲೆ ಕ್ಷಮತೆಯ ಪರೀಕ್ಷೆ, ಅದರಲ್ಲಿ ಸೋತರೆ ಗುಜರಿ. ವಯಸ್ಸಾಯಿತು ಎಂದ ಮಾತ್ರಕ್ಕೆ ಗುಜರಿ ಎಂದು ಅದು ಹೇಳುವುದಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸ್ವಯಂಚಾಲಿತ ತಪಾಸಣಾ ಕೇಂದ್ರಗಳ ನಿಯಮವೂ ಬಂತು. ಅಲ್ಲಿ ಚಕ್ರಗಳನ್ನು ರೋಲರ್ ಮೇಲೆ ಹತ್ತಿಸಿ ಬ್ರೇಕ್ ಒತ್ತಿದರೆ ಎಡಗಾಲಿ ಎಷ್ಟು ಹಿಡಿಯಿತು, ಬಲಗಾಲಿ ಎಷ್ಟು ಹಿಡಿಯಿತು ಎಂದು ಯಂತ್ರ ಬೇರೆ ಬೇರೆಯಾಗಿ ಬರೆದು ಕೊಡುತ್ತದೆ. ಒಂದು ಹೆಚ್ಚು, ಒಂದು ಕಡಿಮೆ ಹಿಡಿದರೆ ಮಳೆಯಲ್ಲಿ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಚಾಲಕನಿಗೆ ಅದು ತಿಳಿಯುವುದು ಬೈಪಾಸಿನಲ್ಲಿ ಎದುರಿಗೆ ಲಾರಿ ಬಂದಾಗ.

ಆದ್ದರಿಂದ ಮೊದಲ ಕೋರಿಕೆ: 15 ವರ್ಷ ಮೀರಿದ ಪ್ರತಿ ಖಾಸಗಿ ಗಾಡಿಯ ನವೀಕರಣಕ್ಕೂ ಈ ರೋಲರ್ ಪರೀಕ್ಷೆ, ಸರಿಯಾದ ಹೊಗೆ ಪರೀಕ್ಷೆ, ಗುಂಡಿಯ ಮೇಲೆ ನಿಲ್ಲಿಸಿ ಕೆಳಗಿನಿಂದ ಚಾಸಿ ನೋಡುವ ಪರೀಕ್ಷೆ, ಇಷ್ಟನ್ನು ಕಡ್ಡಾಯ ಮಾಡಿ. ಬೆಂಗಳೂರಿನ ಆಸುಪಾಸಿಗೆ ಮಾತ್ರ ಸಾಲದು, ಪ್ರತಿ ಜಿಲ್ಲೆಗೂ ಇಂಥ ಕೇಂದ್ರ ಬರಲಿ. ದೋಷಗಳನ್ನು ಕನ್ನಡದಲ್ಲಿ ಬರೆದು ಮಾಲೀಕನ ಕೈಗೆ ಕೊಡಿ. ದುರಸ್ತಿಗೆ ಒಂದು ತಿಂಗಳ ಗಡುವು ಇರಲಿ, ಮರುಪರೀಕ್ಷೆಗೆ ಮತ್ತೆ ಶುಲ್ಕ ಬೇಡ. ಹತ್ತು ಸಾವಿರ ಕಟ್ಟಿದವನಿಗೆ ತನ್ನ ಗಾಡಿಯ ಬ್ರೇಕ್ ಹೇಗಿದೆ ಎಂದು ಬರೆದ ಒಂದು ಹಾಳೆ ಕೇಳುವ ಹಕ್ಕಿದೆ ಎಂದು ನಾನು ನಂಬಿದ್ದೇನೆ.

ಹಸಿರು ತೆರಿಗೆಯನ್ನು ಆ ಹಾಳೆಗೆ ಜೋಡಿಸಿ. ಮೊದಲ ಪರೀಕ್ಷೆಯಲ್ಲೇ ಪಾಸಾದ ಗಾಡಿಗೆ ಮನ್ನಾ ಮಾಡಿ, ಮಿತಿ ಮೀರಿ ಹೊಗೆ ಬಿಟ್ಟದ್ದಕ್ಕೆ ಹೆಚ್ಚು ಹಾಕಿ. ಇದಕ್ಕೆ ದಿಲ್ಲಿಯ ಕಡೆ ನೋಡುವ ಅಗತ್ಯವಿಲ್ಲ. 20 ವರ್ಷದ ಮೇಲಿನ ಶುಲ್ಕದ ಬಗ್ಗೆ ಮಾತ್ರ ರಾಜ್ಯದ ಪರವಾಗಿ ಕೇಂದ್ರಕ್ಕೆ ಒಂದು ಪತ್ರ ಬರೆಯಿರಿ.

ಬಿಡಿಭಾಗಗಳದ್ದು ಇನ್ನೊಂದು ಗೋಳು. ಸುಮೋ 1994ರಲ್ಲಿ ಬಂದದ್ದು. ಟಾಟಾದ ವಾಹನ ಕಂಪನಿಯನ್ನು ಕಟ್ಟಿ ಬೆಳೆಸಿದ ಸುಮಂತ್ ಮೂಲಗಾಂವ್ಕರ್ ಅವರ ಹೆಸರನ್ನೇ ಹೊತ್ತ ಗಾಡಿ. 25 ವರ್ಷ ತಯಾರಾಗಿ 2019ರಲ್ಲಿ ನಿಂತಿತು. ಇವತ್ತು ಹಿಂದಿನ ಬ್ರೇಕಿನ ವೀಲ್ ಸಿಲಿಂಡರ್, ಸ್ಟೀರಿಂಗಿನ ಬಾಲ್ ಜಾಯಿಂಟ್ ಒರಿಜಿನಲ್ ಬೇಕೆಂದರೆ ಅಂಗಡಿ ಅಂಗಡಿ ಅಲೆಯಬೇಕು. ಅಲೆದರೂ ಕೈಗೆ ಬರುವುದು ಹಲವು ಸಲ ಡುಪ್ಲಿಕೇಟ್ ಮಾಲು, ಇಲ್ಲವೇ ಗುಜರಿಯಿಂದ ಬಿಚ್ಚಿದ್ದು. ಲಕಮನಹಳ್ಳಿಯ ಲೇತಿನಲ್ಲಿ ಬ್ರೇಕ್ ಡ್ರಮ್ ತಿರುಗಿಸಿ ಕೊಡುತ್ತಾರೆ. ಆದರೆ ಡ್ರಮ್ಮಿನ ಮೇಲೆ ಅಚ್ಚಾದ ಮಿತಿಗಿಂತ ಹೆಚ್ಚು ಹೆರೆಯಬಾರದು, ಅದು ಮೀರಿದರೆ ಹೊಸದೇ ಬೇಕು. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಜಾಲತಾಣ ತೆರೆದಾಗ ವಾಹನಗಳನ್ನೂ ಅದರಲ್ಲಿ ಸೇರಿಸಿತ್ತು. ಆ ಹಕ್ಕು ನಮ್ಮ ಗ್ಯಾರೇಜಿನ ಬಾಗಿಲ ತನಕ ಬರಬೇಕಾದರೆ ಬ್ರೇಕ್, ಸ್ಟೀರಿಂಗ್, ಬೆಲ್ಟ್ ಈ ಮೂರರ ಭಾಗಗಳನ್ನಾದರೂ ಮಾದರಿ ನಿಂತು ಇಷ್ಟು ವರ್ಷದ ತನಕ ಒದಗಿಸಲೇಬೇಕು ಎಂದು ಕಂಪನಿಗಳನ್ನು ಕಟ್ಟಿಹಾಕಬೇಕು. ಸಾರಿಗೆ ಸಚಿವರ ಸಭೆಯಲ್ಲಿ ಈ ಮಾತನ್ನು ಕರ್ನಾಟಕವೇ ಮೊದಲು ಎತ್ತಲಿ.

ಮಿಸ್ತ್ರಿಗಳ ಬಗ್ಗೆ ಒಂದು ಮಾತು ಹೇಳದೆ ಮುಗಿಸಲಾರೆ. ಕೈಯಿಂದ ಪಂಪ್ ಕಟ್ಟುವ, ನೋಝಲ್ ಕೂರಿಸುವ ಕಸುಬು ಗೊತ್ತಿರುವವರಿಗೆ ಈಗ ವಯಸ್ಸಾಗಿದೆ. ಹುಡುಗರು ಕಂಪನಿಯ ಶೋರೂಮಿಗೆ ಹೋಗುತ್ತಾರೆ, ಅಲ್ಲಿ ಸ್ಕ್ಯಾನರ್ ಇದೆ, ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ. ಸರ್ಕಾರಿ ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿಯುವ ಮಕ್ಕಳನ್ನು ವರ್ಷಕ್ಕೆ ಒಂದು ತಿಂಗಳಾದರೂ ಇಂಥ ಹಿರಿಯರ ಕೈಕೆಳಗೆ ಕೂರಿಸಿ, ಆ ಹಿರಿಯರಿಗೆ ಗೌರವಧನ ಕೊಡಿ. ಅವರ ದುರಸ್ತಿಯ ಬಿಲ್ಲಿಗೆ, ಅವರ ಸಹಿಗೆ ನಿಮ್ಮ ಮರುಪರೀಕ್ಷೆಯಲ್ಲಿ ಒಂದು ಬೆಲೆ ಇರಲಿ. ತಪಾಸಣೆ ಬಿಗಿಯಾದ ದಿನ ರಾಜ್ಯದ ಸಾವಿರಾರು ಹಳೆಯ ಗಾಡಿಗಳು ದುರಸ್ತಿಗೆ ಹೋಗುವುದು ಈ ಗ್ಯಾರೇಜುಗಳಿಗೇ.

ನಮ್ಮ ಸುಮೋವನ್ನು 2028ರವರೆಗೆ ಕಾಯದೆ ಈಗಲೇ ಪರೀಕ್ಷೆಗೆ ತರಲು ಸಿದ್ಧನಿದ್ದೇನೆ. ತಪಾಸಣೆಯ ಯಂತ್ರ ಧಾರವಾಡಕ್ಕೆ ಬರುವ ದಿನ ತಿಳಿಸಿ. ಚಾಸಿ ತಿಂದಿದೆ, ಬ್ರೇಕ್ ಸರಿಹೋಗುವಂತಿಲ್ಲ ಎಂದು ನಿಮ್ಮ ನಿರೀಕ್ಷಕರು ಬರೆದು ಕೊಟ್ಟರೆ ನಾನೇ ಅದನ್ನು ಗುಜರಿಗೆ ಒಯ್ದು ಬಿಟ್ಟು ಬರುತ್ತೇನೆ. ಸರಿಯಿದೆ ಎಂದು ಬರೆದರೆ ಅದನ್ನು ಓಡಿಸಲು ಬಿಡಿ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಗಾಡಿಯ ಒಬ್ಬ ಮಾಲೀಕ
ಲಕಮನಹಳ್ಳಿ, ಧಾರವಾಡ